ಜ್ಯೂಸ್ ಫ್ಯಾಕ್ಟರಿಯ ಸಿನಿಮಾ

ನಮ್ಮ ಅಪ್ಪಾಜಿಗೆ ಫೋನೆಂದರೆ ಆಗದು. ಮದುವೆಯಾಗಿ ಚೆನ್ನೈಗೆ ಬಂದ ಮೇಲೆ ನಾನು ದೊಡ್ಡಬಳ್ಳಾಪುರಕ್ಕೆ ಎಷ್ಟು ಸಲ ಫೋನ್ ಮಾಡಿದ್ದೇನೋ, ಅಷ್ಟು ಸಲವೂ ಅವರದು ಒಂದೇ ಪಾಠ: "ಚೆನ್ನಾಗಿದ್ದೀಯಾ ಶಾಲಿನಿ? ಇರು, ನಿಮ್ಮಮ್ಮಂಗೆ ಕೊಡ್ತೀನಿ." ಫೋನು ಅಮ್ಮನ ಕೈಗೆ ದಾಟಿಬಿಡುತ್ತಿತ್ತು. ಹಬ್ಬದ ವಿಡಿಯೋಗಳಲ್ಲೂ ಅವರು ಮೂಲೆಯಲ್ಲಿ ಪೇಪರು ಹಿಡಿದು ಕೂತಿರುತ್ತಾರೆ; ವಟವಟವೆಲ್ಲ ನಮ್ಮದೇ.

ಹೋದ ವರ್ಷ ಪಾರ್ಶ್ವವಾಯು ಬಡಿದು ಅವರ ಬಲಗೈಯೂ ಮಾತೂ ಒಟ್ಟಿಗೇ ಹೋದವು. ಅಪ್ಪ ಅಮ್ಮ ಇಬ್ಬರನ್ನೂ ಚೆನ್ನೈನ ಪೋರೂರಿನ ನಮ್ಮ ಮನೆಗೆ ಕರೆತಂದೆ. ಆಸ್ಪತ್ರೆಯಲ್ಲಿ ಮಾತು ಕಲಿಸುವ ನೀರಜಾ ಒಳ್ಳೆಯ ಹುಡುಗಿ. ಆದರೆ ಅವಳಿಗೆ ಬರುವುದು ತಮಿಳು, ಅಪ್ಪಾಜಿಗೆ ಬರುತ್ತಿದ್ದುದು ಕನ್ನಡ. ಅವಳು "ಅಮ್ಮಾ ಸೊಲ್ಲುಂಗ ಅಂಕಲ್" ಎಂದು 'ಅಮ್ಮಾ' ಅನ್ನಿಸಲು ಹೋದರೆ ಅಪ್ಪಾಜಿ ಗೋಡೆ ನೋಡುತ್ತಿದ್ದರು. ಕೊನೆಗೆ ಅವಳೇ ಒಂದು ದಾರಿ ಹೇಳಿದಳು. ಅವರದೇ ಹಳೆಯ ದನಿ ಎಲ್ಲಾದರೂ ಇದ್ದರೆ ಕೇಳಿಸಿ, ಅದರ ಜೊತೆಜೊತೆಗೇ ನಾಲಗೆ ತಿರುಗಬಹುದು ಎಂದು. ಮನೆಯ ಫೋನುಗಳನ್ನೆಲ್ಲ ಜಾಲಾಡಿದೆ. "ಇರು, ಕೊಡ್ತೀನಿ" ಎನ್ನುವುದು ಕೂಡ ಸಿಗಲಿಲ್ಲ. ಸಿಟ್ಟು ಬಂತು. ಇಷ್ಟು ವರ್ಷ ಬದುಕಿದ ಮನುಷ್ಯ ಒಂದು ಮಾತನ್ನಾದರೂ ಎಲ್ಲಾದರೂ ಬಿಟ್ಟಿರಬಾರದೇ?

ಆಗ ಅಮ್ಮನಿಗೆ ಸಿನಿಮಾ ನೆನಪಾಯಿತು.

ಅಪ್ಪಾಜಿ ನಂದಿಬೆಟ್ಟದ ಕೆಳಗಿನ ಒಂದು ವೈನ್ ಕಾರ್ಖಾನೆಯಲ್ಲಿ ಜೀವಮಾನವಿಡೀ ದುಡಿದವರು. ದ್ರಾಕ್ಷಿ ರಸ ಹುದುಗುವ ಟ್ಯಾಂಕುಗಳ ಉಸ್ತುವಾರಿ ಅವರದು. ಒಂದು ತೊಟ್ಟೂ ಕುಡಿದವರಲ್ಲ. ಆದರೂ ಅಮ್ಮ ಕೇಳಿದವರಿಗೆಲ್ಲ "ಜ್ಯೂಸ್ ಫ್ಯಾಕ್ಟರಿ" ಎಂದೇ ಹೇಳುತ್ತಿದ್ದಳು. ನನ್ನ ಗಂಡನ ಮನೆಯವರಿಗೂ ಹಾಗೆಯೇ ಹೇಳಿದ್ದಳು. ಬೆಂಗಳೂರಿನ ಸಂದೇಶ್ ಎಂಬಾತ ಆ ಸೀಮೆಯ ವೈನಿನ ಬಗ್ಗೆ ಸಾಕ್ಷ್ಯಚಿತ್ರ ತೆಗೆಯಲು ಬಂದಾಗ, ಫೋನಿನಲ್ಲಿ ಎರಡು ಮಾತಾಡದ ಅಪ್ಪಾಜಿ ಕ್ಯಾಮೆರಾದ ಮುಂದೆ ದಿನವಿಡೀ ಮಾತಾಡಿದ್ದರಂತೆ.

ನಂಬರು ಹುಡುಕಿ ಸಂದೇಶನಿಗೆ ಫೋನ್ ಮಾಡಿದೆ.

"ನಿಮ್ ಫಾದರ್ ನಮ್ ಫಿಲ್ಮಿನ ಜೀವ ಮೇಡಂ. ಬರೋ ಭಾನುವಾರ ಚೆನ್ನೈಯಲ್ಲೇ ಓಪನ್ ಏರ್ ಸ್ಕ್ರೀನಿಂಗ್ ಇದೆ. ಕರ್ಕೊಂಡ್ ಬನ್ನಿ" ಎಂದ.

ಅಮ್ಮ ಬರಲೊಪ್ಪಲಿಲ್ಲ. "ಅಯ್ಯೋ, ವೈನ್ ಸಿನಿಮಾಗೆ ನಾನ್ಯಾಕೆ? ಮಂಡಿ ಬೇರೆ ನೋವು. ದನಿ ಸಿಕ್ರೆ ತಗೊಂಡ್ ಬಾ" ಎಂದಳು, ಕರಿಬೇವು ತರಲು ಹೇಳುವಷ್ಟು ಸಲೀಸಾಗಿ.

ಅಡ್ಯಾರಿನ ಹಳೆಯ ಬಂಗಲೆಯೊಂದರ ಅಂಗಳದಲ್ಲಿ, ಎರಡು ಬೇವಿನ ಮರಗಳ ನಡುವೆ ಪರದೆ ಕಟ್ಟಿದ್ದರು. ಕಡಲ ಗಾಳಿಗೆ ಅದು ಉಬ್ಬಿ ಇಳಿಯುತ್ತಿತ್ತು. ಕುರ್ಚಿಗಳ ಕೆಳಗೆ ಸೊಳ್ಳೆಬತ್ತಿ. ವೈನಿಗೆ ಅನುಮತಿ ಸಿಗಲಿಲ್ಲವೆಂದು ಕಾಗದದ ಲೋಟಗಳಲ್ಲಿ ದ್ರಾಕ್ಷಿ ಜ್ಯೂಸ್ ಹಂಚಿದರು. ಅಂತೂ ಅಮ್ಮನ ಮಾತು ನಿಜವಾಯಿತೆಂದು ನನಗೆ ನಗು ಬಂತು. ಅಪ್ಪಾಜಿಯ ಗಾಲಿಕುರ್ಚಿಯನ್ನು ಮುಂದಿನ ಸಾಲಿಗೆ ತಳ್ಳಿ, ಪಕ್ಕದಲ್ಲಿ ಮಗಳು ಕೃತಿಯನ್ನು ಕೂರಿಸಿ, ರೆಕಾರ್ಡಿಂಗ್ ಒತ್ತಿದ ಫೋನನ್ನು ಸ್ಪೀಕರಿನತ್ತ ಹಿಡಿದು ಕೂತೆ.

ದ್ರಾಕ್ಷಿ ಚಪ್ಪರ, ಮಂಜು, ಲಾರಿಗೆ ತುಂಬುತ್ತಿದ್ದ ಕ್ರೇಟುಗಳು. ಆಮೇಲೆ ಅಪ್ಪಾಜಿ. ನೀಲಿ ಸಮವಸ್ತ್ರದಲ್ಲಿ, ಎರಡೂ ಕೈ ಆಡಿಸುತ್ತಾ! ಟ್ಯಾಂಕಿಗೆ ಕಿವಿ ಆನಿಸಿ, ಒಳಗೆ ರಸ ಹುದುಗುವ ಸದ್ದು ಆಲಿಸಿ, ಕ್ಯಾಮೆರಾದತ್ತ ತಿರುಗಿ ಬಾಯಿ ತೆರೆದರು.

"ಇಲ್ನೋಡಿ..."

ಅಷ್ಟೇ. ಅದರ ಮೇಲೆ ಯಾವನೋ ಗಡಸು ದನಿಯವನು ಇಂಗ್ಲಿಷಿನಲ್ಲಿ ಶುರುಮಾಡಿದ. ಅಪ್ಪಾಜಿಯ ತುಟಿ ಆಡುತ್ತಿತ್ತು, ಮಾತು ಅವನದು. ಅಡಿಯಲ್ಲೆಲ್ಲೋ ಪಕ್ಕದ ಮನೆಯ ಮಾತಿನಂತೆ ಗೊಣಗಾಟ. ಒಂದಕ್ಷರವೂ ಬಿಡಿಸಿ ಕೇಳದು. ಮುಂದಿನ ಸಲವಾದರೂ ಅಪ್ಪಾಜಿಯ ದನಿ ಬಿಡುತ್ತಾರೆ ಅಂದುಕೊಂಡೆ. ಬಿಡಲಿಲ್ಲ. ಅಪ್ಪಾಜಿ ಬಂದಾಗಲೆಲ್ಲ ಅವನೂ ಬರುತ್ತಿದ್ದ, ಮೊದಲ ಮಾತನ್ನೂ ಬಿಡದೆ ನುಂಗುತ್ತಿದ್ದ. ಎದ್ದು ನಿಂತು ಅವನ ಬಾಯಿ ಮುಚ್ಚಿಸಿ ಎಂದು ಕಿರುಚಬೇಕೆನಿಸಿತು. ಯಾರಿಗೆ ಕಿರುಚಲಿ? ಸುತ್ತ ಎಲ್ಲರೂ ತಲೆದೂಗುತ್ತಿದ್ದರು.

ಕೃತಿ ನನ್ನ ಮೊಣಕೈ ಹಿಡಿದು ಜಗ್ಗಿದಳು. "ಅಮ್ಮಾ, ತಾತಾ ಇಂಗ್ಲಿಷ್ ಸೂಪರಾ ಪೇಸುರಾರು!" ತಾತ ಇಷ್ಟು ಚೆನ್ನಾಗಿ ಇಂಗ್ಲಿಷ್ ಮಾತಾಡುತ್ತಾರೆಂದು ಅವಳಿಗೆ ಬೆರಗು.

ತಿರುಗಿ ನೋಡಿದರೆ ಅಪ್ಪಾಜಿ ನಗುತ್ತಿದ್ದರು, ಅರ್ಧ ಮುಖದಲ್ಲಿ. ಎಡಗೈಯಿಂದ ಎದೆ ತಟ್ಟಿಕೊಂಡು ಪರದೆ ತೋರಿಸಿದರು. ಅದು ನಾನು, ನಾನೇ. ಇಂಗ್ಲಿಷ್ ಮಾತಾಡುತ್ತಿದ್ದವನು ತಾನೇ ಎಂದು ನಂಬಿದ್ದರೋ, ಮುಖ ಕಂಡದ್ದೇ ಸಾಕಾಗಿತ್ತೋ, ಕೇಳುವಂತಿರಲಿಲ್ಲ. ನಾನೂ ಹೌದೆಂದು ತಲೆಯಾಡಿಸಿದೆ.

ಮುಗಿದ ಮೇಲೆ ಸಂದೇಶನನ್ನು ಹಿಡಿದುಕೊಂಡೆ. ಇಂಗ್ಲಿಷ್ ಇಲ್ಲದ ಮೂಲ ದನಿ ಕೊಡಿ, ಒಂದು ವಾಕ್ಯವಾದರೂ ಸಾಕು ಎಂದೆ. ಅವನ ಮುಖ ಸಣ್ಣಗಾಯಿತು.

"ಹೊರದೇಶದ ಚಾನೆಲ್ ಅವ್ರು ಸಬ್‌ಟೈಟಲ್ ಬೇಡ, ಮೇಲೆ ಇಂಗ್ಲಿಷ್ ದನೀನೇ ಹಾಕಿ ಅಂದ್ಬಿಟ್ರು ಮೇಡಂ. ಫಿಲ್ಮ್ ಕೊಟ್ಮೇಲೆ ಹಾರ್ಡ್ ಡಿಸ್ಕ್ ಅಳಿಸಿ ಬೇರೆ ಶೂಟಿಂಗಿಗೆ ಹಾಕೊಂಡ್ವಿ. ನಂಗೆ ಗೊತ್ತಿದ್ದಿದ್ರೆ..." ಎಂದು ಅಪ್ಪಾಜಿಯ ಕಾಲು ಮುಟ್ಟಿದ. ಬೈಯೋಣವೆಂದರೆ ಅವನೂ ಅಳುವಂತಿದ್ದ. ಅಪ್ಪಾಜಿ ಅವನ ತಲೆ ಸವರಿದರು.

ಮನೆಗೆ ಬಂದಾಗ ಅಮ್ಮ ಊಟಕ್ಕೆ ಎಲ್ಲ ತೆಗೆದಿಟ್ಟು ಕಾಯುತ್ತಿದ್ದಳು. "ಸಿಕ್ತಾ?" ಎಂದಳು. ಇದ್ದಷ್ಟೇ ಇರಲಿ ಎಂದು ಫೋನನ್ನು ಅಪ್ಪಾಜಿಯ ಎಡಗೈಗೆ ಕೊಟ್ಟು, ಕಿವಿಗೆ ಹಿಡಿಸಿ, ಆ ತುಣುಕು ಹಾಕಿದೆ. "ಇಲ್ನೋಡಿ..." ಅವರ ತುಟಿಯನ್ನೇ ನೋಡುತ್ತಿದ್ದೆ. ಅದು ಅಲುಗಲಿಲ್ಲ. ಒಂದು ಗಳಿಗೆ ಕೇಳಿಸಿಕೊಂಡರು. ಆಮೇಲೆ ಎಂದಿನಂತೆ ಫೋನನ್ನು ಕಿವಿಯಿಂದ ತೆಗೆದು ಅಮ್ಮನತ್ತ ಚಾಚಿದರು.

ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡಳು. ಇನ್ನೊಮ್ಮೆ ಮೊದಲಿಂದ ಹಾಕಿಕೊಟ್ಟೆ.

"ಏನ್ರೀ?" ಎಂದಳು ಅಮ್ಮ, ಅಪ್ಪಾಜಿ ಕರೆದಾಗ ಅಡುಗೆಮನೆಯಿಂದ ಓಗೊಡುತ್ತಿದ್ದ ಅದೇ ರಾಗದಲ್ಲಿ.

ಅಷ್ಟರಲ್ಲಿ ಇಂಗ್ಲಿಷಿನವನು ಶುರುಮಾಡಿದ್ದ. ಅಮ್ಮ ಫೋನು ಇಳಿಸಲಿಲ್ಲ. ಅವನು ಮುಗಿಸಲಿ ಎಂದು ಕಾಯುತ್ತಾ ನಿಂತಳು.