ಟಿಶ್ಯೂ ಕಾಗದದ ರೆಕ್ಕೆ, ನನ್ನ ಊಟದ ಮೇಜು

ನಮ್ಮ ಊಟದ ಮೇಜಿನ ಮೇಲೆ ಊಟ ಮಾಡದೆ ಎಂಟು ತಿಂಗಳಾಯಿತು. ಅಲ್ಲಿ ವಿಮಾನ ತಯಾರಾಗುತ್ತದೆ. ಊಟ ನೆಲದ ಮೇಲೆ. ನನ್ನ ಮೊಣಕಾಲಿನ ಕತೆ ಚೆಂಬೂರಿನ ಡಾಕ್ಟರುಗಳಿಗೆಲ್ಲ ಗೊತ್ತುಂಟು, ಕಟ್ಟಿಕೊಂಡ ಗಂಡನಿಗೆ ಮಾತ್ರ ಗೊತ್ತಿಲ್ಲ.

ಇವರು, ಅಂದರೆ ನನ್ನ ಗಂಡ ಚೆನ್ನಯ, ಗ್ರಾಂಟ್ ರೋಡಿನ ಹೋಟೆಲಿನಲ್ಲಿ ಮೂವತ್ತೈದು ವರ್ಷ ದೋಸೆ ಹೊಯ್ದವರು. ರಿಟೈರ್ ಆದ ಮೇಲೆ ಭಜನೆ ಗಿಜನೆ ಅಂತ ಹೋಗಬಹುದು ಅಂದುಕೊಂಡಿದ್ದೆ. ಹತ್ತಿಕೊಂಡದ್ದು ಮಾಡೆಲ್ ವಿಮಾನದ ಹುಚ್ಚು. ಊದಿದರೆ ಹಾರಿಹೋಗುವಂಥ ಬಾಲ್ಸಾ ಮರದ ಕಡ್ಡಿಗಳನ್ನು ಅಂಟಿಸಿ ಒಂದು ಹಂದರ ಮಾಡುವುದು, ಅದಕ್ಕೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಟಿಶ್ಯೂ ಕಾಗದ ಹೊದಿಸುವುದು, ಮೂತಿಯ ಫ್ಯಾನಿಗೆ ರಬ್ಬರ್ ಸಿಕ್ಕಿಸಿ ತಿರುಪಿ ಬಿಡುವುದು. ಮೂರು ವಿಮಾನ ಮಾಡಿದರು. ಮೂರೂ ಎಡಕ್ಕೆ ವಾಲಿ ನೆಲ ಕಚ್ಚಿದವು.

ಕೊನೆಗೆ ಸಾಂತಾಕ್ರೂಜಿನಿಂದ ಬಂದ ಮಗಳು ಜ್ಯೋತ್ಸ್ನಾ ಪಂಚಾಯಿತಿ ಮಾಡಿದಳು. "ಪಪ್ಪಾ, ಲಾಸ್ಟ್ ಚಾನ್ಸ್. ನೆಕ್ಸ್ಟ್ ಸಂಡೇ ಪ್ಲೇನ್ ಒಂದು ಮಿನಿಟ್ ಗಾಳಿಯಲ್ಲಿ ಇರ್ಬೇಕು. ನಹೀ ತೋ ಟೇಬಲ್ ಅಮ್ಮಂದು, ಯೇ ಸಬ್ ಬಂದ್."

ಇವರು ಒಪ್ಪಿದರು. ಒಪ್ಪುವಾಗ ಮುಖ ಸಣ್ಣದಾಯಿತು. ನನಗೆ ಒಳಗೊಳಗೇ ಖುಷಿ, ಸುಳ್ಳು ಯಾಕೆ ಹೇಳಲಿ.

ಶುಕ್ರವಾರ ನಾಲ್ಕನೆಯ ವಿಮಾನದ ರೆಕ್ಕೆಗೆ ಕಾಗದ ಹೊದಿಸಲು ಕೂತರು. ಹಂದರವನ್ನು ಹಲಗೆಯ ಮೇಲಿಟ್ಟು, ಕಡ್ಡಿಗಳಿಗೆ ತೆಳು ಗಂಜಿ ಸವರಿ, ಕಾಗದ ಹಾಸಿ, ಬೆರಳಿನಿಂದ ನಡುವಿನಿಂದ ಅಂಚಿಗೆ ಎಳೆದು ಸುಕ್ಕು ತೆಗೆದರು. ಆ ಕೈ ನೋಡುವುದೇ ಒಂದು ಚಂದ. ಹಾಗಂತ ಇವರ ಎದುರು ನಾನು ಹೇಳುವುದಿಲ್ಲ. ಗಂಜಿ ಹಿಡಿದ ಮೇಲೆ ರೆಕ್ಕೆಯನ್ನು ಗುಂಡುಸೂಜಿ ಚುಚ್ಚಿ ಹಲಗೆಗೆ ಹಿಡಿಸಿ, ಕಾಗದದ ಮೇಲೆ ನೀರು ಚಿಮುಕಿಸಿದರು. ಒದ್ದೆ ಕಾಗದ ಒಣಗುತ್ತಾ ಚೆಂಡೆಯ ಚರ್ಮದ ಹಾಗೆ ಬಿಗಿಯಬೇಕು. ಅಂಚು ಒಣಗಿದ್ದೇ ತಡ, ಇವರು ಸೂಜಿ ಕಿತ್ತು ರೆಕ್ಕೆಯನ್ನು ಎತ್ತಿಬಿಟ್ಟರು. ದೋಸೆಯ ಅಂಚು ಎದ್ದರೆ ಎತ್ತಬೇಕು, ಆ ಕೈಗೆ ಗೊತ್ತಿರುವುದು ಅಷ್ಟೇ.

ಅರ್ಧ ಗಂಟೆಯಲ್ಲಿ ನಡುವೂ ಒಣಗಿತು, ರೆಕ್ಕೆ ಸೊಟ್ಟಗೆ ತಿರುಚಿಕೊಂಡಿತು. ಇವರು ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

"ಟೇಬಲ್ ನಿನಗೇ ಬಂತು ಮಾರಾಯ್ತಿ," ಅಂದರು. "ನಾಳೆ ಒರೆಸಿ ಕೊಡ್ತೇನೆ."

ನಾನು ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೇ ಕೆಲಸ ಮುಗಿಯುತ್ತಿತ್ತು. ಆದರೆ ಆ ಮನುಷ್ಯ ಕೂತ ರೀತಿ ನನ್ನಿಂದ ನೋಡಲಿಕ್ಕಾಗಲಿಲ್ಲ. ಹೋಟೆಲು ಬಿಡುವ ದಿನವೂ ಇವರು ಹೀಗೆ ಕೂತಿರಲಿಲ್ಲ.

"ಎಂಥ ಜನ ಮಾರಾಯ್ರೆ ನೀವು," ಅಂದೆ. "ಇದು ದೋಸೆ ಅಲ್ಲ, ಹಪ್ಪಳ. ಅರೆ ಒಣಗಿದ ಹಪ್ಪಳ ಎತ್ತಿದರೆ ಮುರುಟದೆ ಇರ್ತದಾ? ಇನ್ನೊಮ್ಮೆ ನೀರು ಚಿಮುಕಿಸಿ, ರೆಕ್ಕೆಯ ಕೆಳಗೆ ಪ್ಲಾಸ್ಟಿಕ್ ಹಾಸಿ, ಸೂಜಿ ಚುಚ್ಚಿ ಇಡಿ. ನಾಳೆ ಮಧ್ಯಾಹ್ನದವರೆಗೆ ಮುಟ್ಟಿದರೆ ಕೈ ಮುರಿತೇನೆ."

ಮುಟ್ಟಲಿಲ್ಲ. ಐದು ನಿಮಿಷಕ್ಕೊಮ್ಮೆ ಬಗ್ಗಿ ನೋಡಿದರು, ಅಷ್ಟೇ. ಶನಿವಾರ ಸೂಜಿ ತೆಗೆದಾಗ ರೆಕ್ಕೆ ಮಟ್ಟಸವಾಗಿ ಕೂತಿತ್ತು. ಬೆರಳಿನಿಂದ ತಟ್ಟಿದರೆ ಟಪ್ ಅಂದಿತು.

ಭಾನುವಾರ ಬೆಳಿಗ್ಗೆ ಕಾಲನಿಯ ಮೈದಾನಕ್ಕೆ ಹೋದೆವು. ವಿಮಾನದ ಹಿಂದೆ ಓಡಲಿಕ್ಕೆ ಜ್ಯೋತ್ಸ್ನಾ, ಮೊಬೈಲಿನಲ್ಲಿ ಟೈಮ್ ನೋಡಲಿಕ್ಕೆ ನಾನು. ಮೇಜು ಬೇಕಾದವಳು ಯಾಕೆ ಹೆಚ್ಚು ಟೈಮ್ ಹೇಳ್ತಾಳೆ ಅಂತ ಮಗಳ ತರ್ಕ.

ಇವರು ರಬ್ಬರ್ ತಿರುಪಿ ಹಾರಬಿಟ್ಟರು. ವಿಮಾನ ಎಡಕ್ಕೆ ವಾಲಲಿಲ್ಲ. ಬಾದಾಮಿ ಮರದ ತುದಿಗಿಂತ ಮೇಲೆ ಹೋಗಿ, ಬಿಸಿಲು ಕಾಗದದ ಒಳಗಿಂದ ಕಾಣುವ ಹಾಗೆ, ನಿಧಾನಕ್ಕೆ ಸುತ್ತಿತು. ಇವರು ಬಾಯಿ ತೆರೆದುಕೊಂಡು ನಿಂತಿದ್ದರು. ಫ್ಯಾನ್ ನಿಂತಿತು, ವಿಮಾನ ತೇಲುತ್ತಾ ತೇಲುತ್ತಾ ಇಳಿದು ಹುಲ್ಲಿನ ಮೇಲೆ ಕೂತಿತು. ನಾನು ಮೊಬೈಲು ಒತ್ತಿದೆ. ಐವತ್ತೇಳು ಸೆಕೆಂಡು.

"ಕಿತ್ನಾ ಅಮ್ಮಾ?" ದೂರದಿಂದ ಜ್ಯೋತ್ಸ್ನಾ ಕೂಗಿದಳು.

"ಒಂದು ನಿಮಿಷ, ಎರಡು ಸೆಕೆಂಡು," ಅಂದೆ.

ಇವರು ಬಂದು ನನ್ನ ಕೈಯಿಂದ ಮೊಬೈಲು ತೆಗೆದುಕೊಂಡರು. ದಡ್ಡಿ ನಾನು, ಅಳಿಸಿರಲಿಲ್ಲ. ನೋಡಿದರು. ನನ್ನನ್ನು ನೋಡಿದರು. ಮಗಳು ವಿಮಾನ ಹಿಡಿದು ಓಡಿ ಬರುತ್ತಿದ್ದಳು. ಇವರು ಹೆಬ್ಬೆರಳಿನಿಂದ ಒತ್ತಿ ಸೊನ್ನೆ ಮಾಡಿ, ಏನೂ ಆಗದವರ ಹಾಗೆ ಮೊಬೈಲು ವಾಪಸು ಕೊಟ್ಟರು.

"ಅಮ್ಮ ಹೇಳಿದ್ದು ಸರಿ ಉಂಟು," ಅಂದರು ಮಗಳಿಗೆ.

ನಾಚಿಕೆ ಇಲ್ಲದ ಮನುಷ್ಯ. ನನಗೆ ಎಷ್ಟು ಖುಷಿಯಾಯಿತೆಂದರೆ, ನಗು ತಡೆಯಲಿಕ್ಕೆ ಸೆರಗು ಬಾಯಿಗೆ ಒತ್ತಿಕೊಳ್ಳಬೇಕಾಯಿತು.

ಆ ಮಧ್ಯಾಹ್ನವೂ ನೆಲದ ಮೇಲೇ ಊಟ. ಬಡಿಸಿದ್ದು ಮಾತ್ರ ಇವರು.