ನಡುವೆ ಬಿಟ್ಟ ಜಾಗ

ಜನನ ನೋಂದಣಿಯ ಗುಮಾಸ್ತ ಅರ್ಜಿಯನ್ನು ಕಿಟಕಿಯಿಂದ ಬಾಣಂತಿಯ ನಾದಿನಿಯ ಕಡೆ ಹಿಂದಕ್ಕೆ ತಳ್ಳಿದ್ದ. ಮಗುವಿನ ಮೊದಲ ಹೆಸರಿತ್ತು, ಮನೆತನದ ಹೆಸರಿತ್ತು. ನಡುವಿನ ಚೌಕ ಮಾತ್ರ ಖಾಲಿ.

"ಮೊದಲನೇದು ಕರೆಯೋಕೆ, ಕೊನೇದು ಹುಡುಕೋಕೆ. ನಡುವಿನದು ಯಾಕೆ ಅಂತ ನನಗೂ ಗೊತ್ತಿಲ್ಲಮ್ಮ. ಆದ್ರೆ ಖಾಲಿ ಬಿಟ್ರೆ ಕಂಪ್ಯೂಟರ್ ತಗೊಳಲ್ಲ. ಶುಕ್ರವಾರ ಕೊನೇ ದಿನ, ನೆನಪಿರ್ಲಿ."

ಅಂದು ಸೋಮವಾರ. ಗುರುವಾರವಾದರೂ ಮನೆಯಲ್ಲಿ ನಡು ಹೆಸರಿನ ಮಾತು ಒಲೆಯ ಮೇಲಿನ ಹಾಲಿನ ಹಾಗೆ ಉಕ್ಕುತ್ತಲೇ ಇತ್ತು.

ಬಾಣಂತಿಯ ಅತ್ತೆಯದು ಒಂದೇ ಪರೀಕ್ಷೆ. "ಹೆಸರು ಇರೋದೇ ಕೂಗೋಕೆ. ಹಿತ್ತಿಲ ಬಾಗಿಲಲ್ಲಿ ನಿಂತು ಕೂಗಿದ್ರೆ ಬೀದಿ ಕೊನೆಗೆ ಕೇಳಬೇಕು. ಉಸಿರು ತುಂಡಾದ್ರೆ ಆ ಹೆಸರು ಬೇಡ." ತಮ್ಮ ಐದು ಮಕ್ಕಳ ಹೆಸರನ್ನೂ ಅವರು ಹೀಗೆಯೇ ಆರಿಸಿದ್ದರಂತೆ. ಈಗ ಮೊಮ್ಮಗಳ ಹೆಸರಿಗೆ ತಮ್ಮ ತಾಯಿಯ ಹೆಸರು, ಅಕ್ಕನ ಹೆಸರು, ಸತ್ತ ಗೆಳತಿಯ ಹೆಸರು ಒಂದೊಂದನ್ನೇ ಜೋಡಿಸಿ ಕೂಗಿ ನೋಡುತ್ತಿದ್ದರು. "ಯಾರು ಕಳೆದುಹೋದ್ರಜ್ಜಿ? ನಾವೂ ಹುಡುಕ್ಲಾ?" ಎಂದು ಪಕ್ಕದ ಮನೆಯವರು ಗೋಡೆಯಾಚೆಯಿಂದ ಕೇಳಿದ್ದೂ ಆಯಿತು.

ಅತ್ತೆಗೆ ತಮ್ಮ ತಾಯಿಯ ಹೆಸರೇ ಹಿಡಿಸಿತ್ತು.

"ಅಮ್ಮಾ, ಅಜ್ಜಿ ಹೆಸರೇ ನಾಲ್ಕು ಕೆ.ಜಿ. ತೂಗುತ್ತೆ. ಪಾಪ, ಮಗು ಇರೋದೇ ಮೂರು," ಎಂದಳು ನಾದಿನಿ. "ಮೊದಲನೇ ಹೆಸರು ಎರಡೇ ಅಕ್ಷರ, ಚಿಟಿಕೆ ಹೊಡೆದ ಹಾಗಿದೆ. ಪಕ್ಕದಲ್ಲಿ ಬರೋದು ಅದನ್ನ ತುಳೀಬಾರ್ದು. ಎರಡೂ ಒಂದೇ ಹಾಸಿಗೇಲಿ ಜಗಳ ಇಲ್ದೆ ಮಲಗ್ಬೇಕು. ಅತ್ತಿಗೆ, ನೀವೇನೂ ಹೇಳ್ಲೇ ಇಲ್ವಲ್ಲ?"

"ಎಲ್ಲರದೂ ಮುಗೀಲಿ, ಹೇಳ್ತೀನಿ," ಎಂದು ಬಾಣಂತಿ ಮಗುವಿನ ಬಟ್ಟೆ ಮಡಿಸುತ್ತಲೇ ಇದ್ದಳು.

ಅವಳ ನಾಲಿಗೆಯ ತುದಿಯಲ್ಲಿ ಒಂದು ಹೆಸರಿತ್ತು. ಎರಡು ವರ್ಷದಿಂದ ಅಲ್ಲೇ ಇತ್ತು. ಮೊದಲ ಮಗಳು ಹನ್ನೊಂದು ದಿನ ಬದುಕಿದ್ದಳು. ಹೆಸರು ಆರಿಸಿಯಾಗಿತ್ತು, ಅರ್ಜಿ ಕೊಡುವಷ್ಟರಲ್ಲಿ ಎಲ್ಲ ಮುಗಿದುಹೋಯಿತು. ಕಚೇರಿಯ ಪುಸ್ತಕದಲ್ಲಿ 'ಹೆಣ್ಣು ಮಗು' ಎಂದಷ್ಟೇ ಇದೆ. ಆಮೇಲೆ ಮನೆಯಲ್ಲಿ ಯಾರೂ ಆ ಹೆಸರು ಎತ್ತಲಿಲ್ಲ. ಗಂಡನಂತೂ ಒಂದು ಸಲವೂ ಇಲ್ಲ. ಅವನಿಗೆ ಮರೆತೇ ಹೋಗಿದೆ ಎಂದುಕೊಂಡಿದ್ದಳು. ನಾಳೆ ಆ ಚೌಕದೊಳಗೆ ಬೇರೆ ಹೆಸರು ಹೋಗಿ ಕೂತರೆ ಇದಕ್ಕೆ ಇನ್ನೆಲ್ಲೂ ಜಾಗವಿಲ್ಲ. ಅದು ಗೊತ್ತಿದ್ದೂ ಹೇಳಲು ಬಾಯಿ ಬರುತ್ತಿರಲಿಲ್ಲ.

ಗಂಡ ಅಂಗಡಿಗಳಿಗೆ ಬೋರ್ಡು ಬರೆಯುವವನು. ಬೀದಿಯಲ್ಲಿ ಎಲ್ಲರಿಗೂ ಅವನು ಬಣ್ಣದ ಮೇಷ್ಟ್ರು. ಮಧ್ಯಾಹ್ನ ಊಟದ ಹೊತ್ತಿಗೆ ತೊಟ್ಟಿಲಿನ ತಲೆಯ ಕಡೆಯ ಹಲಗೆಯನ್ನು ಒಳಗೆ ತಂದು ಗೋಡೆಗೆ ಒರಗಿಸಿದ. ಎಡಕ್ಕೆ ಮಗಳ ಹೆಸರು, ಬಲಕ್ಕೆ ಮನೆತನದ ಹೆಸರು, ನೀಲಿ ಬಣ್ಣದಲ್ಲಿ ದುಂಡಗೆ. ನಡುವೆ ಒಂದು ಗೇಣು ಖಾಲಿ.

"ಲೋ, ನಡುವಿನದು ಗೊತ್ತಾಗೋ ಮುಂಚೆ ಆಚೆ ಈಚೆ ಬರೆದು ಕೂತ್ಯಲ್ಲ!" ಎಂದರು ಅತ್ತೆ. "ಇಷ್ಟಗಲದಲ್ಲಿ ನಮ್ಮಮ್ಮ ಕಾಲು ಮಡಿಸ್ಕೊಂಡು ಕೂರಬೇಕು ಅಷ್ಟೆ."

"ಇಪ್ಪತ್ತು ವರ್ಷದಿಂದ ಊರಿಗೆಲ್ಲ ಅಳತೆ ಹೇಳೋರು, ಸ್ವಂತ ಮಗಳ ತೊಟ್ಟಿಲಿಗೆ ಅಳತೆ ತಪ್ಪಿದ್ರು," ಎಂದು ನಾದಿನಿ ನಕ್ಕಳು.

"ಹ್ಞೂಂ, ತಪ್ಪಿರಬೇಕು," ಎಂದು ಅವನು ಕೈ ತೊಳೆಯಲು ಹೋದ.

ಬಾಣಂತಿ ನಗಲಿಲ್ಲ. ಅವನು ಸ್ಕೇಲು ಮುಟ್ಟುವವನಲ್ಲ. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಹೆಸರು ಗೀಚಿ, ಅದು ಶುರುವಾಗುವ ಕಡೆ ದಾರಕ್ಕೆ ಒಂದು ಗಂಟು, ಮುಗಿಯುವ ಕಡೆ ಇನ್ನೊಂದು ಗಂಟು ಹಾಕುತ್ತಿದ್ದ. ಬಣ್ಣ ಒಣಗುವವರೆಗೆ ದಾರ ಮೊಳೆಯ ಮೇಲೆ, ಆಮೇಲೆ ಕಸದಲ್ಲಿ. ಎರಡು ವರ್ಷದ ಹಿಂದೆ ಇದೇ ಹಲಗೆಯ ಮೇಲೆ ಒಂದು ಹೆಸರು ಗೀಚಿ, ದಾರಕ್ಕೆ ಗಂಟು ಹಾಕಿ ಇಟ್ಟಿದ್ದ. ಬಣ್ಣ ಹಚ್ಚುವ ದಿನ ಬರಲೇ ಇಲ್ಲ. ಒದ್ದೆ ಬಟ್ಟೆಯಿಂದ ಸುಣ್ಣ ಒರೆಸಿ, ದಾರ ಎಸೆದಿದ್ದ. ಕಸ ಗುಡಿಸುವಾಗ ಅವಳು ಅದನ್ನು ಹೆಕ್ಕಿಕೊಂಡಿದ್ದಳು.

ಊಟವಾಗಿ ಎಲ್ಲರೂ ಎದ್ದ ಮೇಲೆ ಗುಂಡಿಗಳ ಡಬ್ಬಿಯ ತಳದಿಂದ ಆ ದಾರ ತೆಗೆದಳು. ಹಲಗೆಯ ಮುಂದೆ ಕೂತು, ಖಾಲಿ ಜಾಗದ ಮೇಲೆ ಹಿಡಿದಳು. ಎರಡು ಹೆಸರುಗಳ ಪಕ್ಕ ಉಸಿರಾಡುವಷ್ಟು ಎಡೆ ಬಿಟ್ಟು, ಗಂಟಿನಿಂದ ಗಂಟಿಗೆ ಸರಿಯಾಗಿ ಕೂತಿತು. ಒಂದು ನೂಲಿನೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲ.

ಗಂಡ ಮುಂದಿನ ಕೋಣೆಯಲ್ಲಿ ಟರ್ಪೆಂಟೈನಿನಲ್ಲಿ ಕುಂಚ ಅದ್ದಿ ತೊಳೆಯುತ್ತಿದ್ದ.

"ರೀ, ಅಷ್ಟೇ ಜಾಗ ಯಾಕೆ ಬಿಟ್ರಿ?"

ಅವನು ತಲೆಯೆತ್ತಿದವನು ಅವಳ ಕೈಯ ದಾರವನ್ನೇ ನೋಡಿದ. "ಅದು ನಿನ್ನ ಹತ್ರ ಇತ್ತಾ?"

"ಕಸದಲ್ಲಿ ಸಿಕ್ತು."

"ನಾನು ಅಳೆಯಲಿಲ್ಲ," ಎಂದ. ಕುಂಚ ಒರೆಸಿದ್ದನ್ನೇ ಮತ್ತೆ ಒರೆಸಿದ. "ಮೊದಲನೇದು ಬರೆದೆ. ಕೈ ಅಷ್ಟು ದೂರ ಹೋಗಿ ನಿಲ್ತು. ಅಲ್ಲಿಂದ ಕೊನೇದು ಬರೆದೆ."

"ನೀವು ಮರೆತಿದ್ದೀರಿ ಅಂದ್ಕೊಂಡಿದ್ದೆ."

"ನೀನು ಎತ್ತಲಿಲ್ಲ. ನೋಯುತ್ತೇನೋ ಅಂತ ನಾನೂ ಎತ್ತಲಿಲ್ಲ."

ಆಗ ಅವಳು ಆ ಹೆಸರು ಹೇಳಿದಳು. ಎರಡು ವರ್ಷದಲ್ಲಿ ಅದೇ ಮೊದಲು. ಮೆಲ್ಲಗೆ ಬಂತು, ಆದರೂ ಬಾಗಿಲಲ್ಲಿ ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದ ಅತ್ತೆಯ ಕಿವಿಗೆ ಬಿತ್ತು.

"ಬೇಡ," ಎಂದರು ಅವರು. "ಹೋದವಳ ಹೆಸರನ್ನ ಇರೋಳ ತಲೆಗೆ ಕಟ್ತೀರಾ? ಬಿಡ್ತು ಅನ್ನಿ. ಇದಕ್ಕೇನಾದ್ರೂ ಆದ್ರೆ?" ಕೈ ತಾನಾಗಿ ಮಗುವಿನ ಬೆನ್ನನ್ನು ಮುಚ್ಚಿತು.

"ಅತ್ತೆ, ಅವಳ ಹೆಸರು ಒಂದು ಕಾಗದದ ಮೇಲೂ ಇಲ್ಲ. ನಾವೆಲ್ಲ ಹೋದ್ಮೇಲೆ ಅವಳಿದ್ಲು ಅನ್ನೋದೂ ಇರಲ್ಲ. ಇವಳಿಗೊಬ್ಬ ಅಕ್ಕ ಇದ್ಲು ಅಂತ ಇವಳ ಹೆಸರಲ್ಲಾದ್ರೂ ಇರ್ಲಿ." ಅವಳು ಮಗುವನ್ನು ತನ್ನ ಕೈಗೆ ತೆಗೆದುಕೊಂಡಳು. "ನಿಮ್ಮ ಪರೀಕ್ಷೇನೇ ಆಗ್ಲಿ. ಕೂಗಿ ನೋಡಿ. ಉಸಿರು ತುಂಡಾದ್ರೆ ನಾನು ಇನ್ನೊಂದ್ಸಲ ಈ ಮಾತೆತ್ತಲ್ಲ. ನಿಮ್ಮಮ್ಮನ ಹೆಸರೇ ಬರೆಯೋಣ."

ಅತ್ತೆ ಹಿತ್ತಿಲ ಬಾಗಿಲಿಗೆ ಹೋಗಿ, ಚೌಕಟ್ಟಿಗೆ ಕೈಯೂರಿ ನಿಂತರು. ಮೊದಲ ಹೆಸರು ಎಂದಿನಂತೆ ಗಟ್ಟಿಯಾಗಿ ಹೊರಟು ಗೋಡೆ ದಾಟಿ ಬೀದಿಗೆ ಹೋಯಿತು. ಎರಡನೆಯದು ಅರ್ಧಕ್ಕೆ ನಿಂತಿತು. ಇನ್ನೊಮ್ಮೆ ಎಳೆದುಕೊಂಡ ಉಸಿರು ಕೇಳಿಸಿತು. ಮುಂದೆ ಏನೂ ಇಲ್ಲ.

ಅವರು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ವಾಪಸು ಬಂದರು. "ತುಂಡಾಯ್ತು."

"ಸರಿ ಅತ್ತೆ," ಎಂದು ಅವಳು ದಾರವನ್ನು ಬೆರಳಿಗೆ ಸುತ್ತತೊಡಗಿದಳು. ಕೊಟ್ಟ ಮಾತು ಕೊಟ್ಟಂತೆಯೇ.

"ಸುಮ್ನಿರೇ. ತಪ್ಪು ಹೆಸರಿನದಲ್ಲ." ಅತ್ತೆ ಅಲ್ಲೇ ಕುರ್ಚಿಯಲ್ಲಿ ಕುಸಿದರು. "ಆಡೋಕೆ ಹೋದೋರನ್ನ ಊಟಕ್ಕೆ ಕೂಗಬಹುದು. ಬರದೇ ಇರೋಳನ್ನ ಹ್ಯಾಗೆ ಕೂಗ್ಲೇ? ಹನ್ನೊಂದು ದಿನ ನಾನೇ ಎತ್ಕೊಂಡಿದ್ದೆ ಅದನ್ನ." ಸ್ವಲ್ಪ ಸುಧಾರಿಸಿಕೊಂಡು ಮಗನ ಕಡೆ ತಿರುಗಿದರು. "ಕೂಗೋಕೆ ಮೊದಲನೇ ಹೆಸರಿದೆ, ಸಾಕು. ಇದನ್ನ ಬರಿ. ಬಣ್ಣ ಒಣಗೋ ತನಕ ಹಲಗೆ ಜಗಲೀಲಿರ್ಲಿ. ಮಗೂಗೆ ಆ ವಾಸನೆ ಆಗಲ್ಲ."

ಮಗುವನ್ನು ಅತ್ತೆಯ ತೊಡೆಗೆ ಕೊಟ್ಟು, ಅವಳು ಮೇಜಿನ ಮೇಲಿದ್ದ ಅರ್ಜಿಯ ಚೌಕ ತುಂಬಿದಳು. ಒಂದಕ್ಷರವೂ ಗೆರೆ ದಾಟಲಿಲ್ಲ. ಆಮೇಲೆ ಜಗಲಿಗೆ ಹೋಗಿ, ಹಲಗೆಯ ಮೇಲೆ ದಾರದ ಎರಡೂ ತುದಿ ಹಿಡಿದು ಕೂತಳು. ಗಂಡ ಸೀಮೆಸುಣ್ಣ ತೆಗೆದುಕೊಂಡ.

"ಈ ಸಲ ದಾರ ಎಸೀಬೇಡಿ," ಎಂದಳು.

"ಅಲುಗಾಡಿಸ್ಬೇಡ," ಎಂದ ಅವನು, ಮೊದಲ ಅಕ್ಷರಕ್ಕೆ ಬಾಗುತ್ತ.