ತಡೆಹಿಡಿದ ಒಪ್ಪಿಗೆ

ಮಗನ ಅಂಗಿಗೆ ಕೊನೆಯ ಗುಂಡಿ ಹಾಕುತ್ತಿದ್ದಾಗ ಮುದುಕನ ಬೆನ್ನ ಹಿಂದೆ ಯಾರೋ ಬಿಸ್ಕತ್ತು ಕಡಿದ ಸದ್ದಾಯಿತು. ತಿರುಗಿ ನೋಡಿದ. ಮಗನ ಆಫೀಸಿನ ಮುಖ್ಯಸ್ಥ. ಕೈಯಲ್ಲಿ ಟೀ ಲೋಟ, ತುಟಿಯ ಮೇಲೆ ಪುಡಿ. ಸತ್ತವನ ತಲೆಯ ಬಳಿಯೇ ನಿಂತು ಅಗಿಯುತ್ತಿದ್ದ.

“ಬಂಗಾರದಂಥ ಮನುಷ್ಯ, ಯಜಮಾನ್ರೆ. ಯಾರಿಗೂ ಇಲ್ಲ ಅಂದೋರಲ್ಲ.”

ಮಗ ಈ ಮನುಷ್ಯನಿಗೆ ತಿಂಗಳಿಂದ ಇಲ್ಲ ಎನ್ನುತ್ತಲೇ ಬಂದದ್ದು ಮನೆಮಂದಿಗೆಲ್ಲ ಗೊತ್ತಿತ್ತು.

ಮುಖ್ಯಸ್ಥ ಬೆರಳುಗಳನ್ನು ಕಿಟಕಿಯ ಪರದೆಗೆ ಒರೆಸಿ, ಬಾಗಿಲಲ್ಲಿ ನಿಂತಿದ್ದ ಹುಡುಗಿಯನ್ನು ಪಕ್ಕಕ್ಕೆ ಕರೆದ. ಅವಳು ಮಗನ ಜೊತೆ ಕೆಲಸ ಮಾಡುತ್ತಿದ್ದವಳು. ಮುದುಕನನ್ನು ಅಪ್ಪ ಎಂದೇ ಕರೆಯುತ್ತಿದ್ದಳು. ಮುದುಕರಿಗೆಲ್ಲ ಕಿವಿ ಮಂದ ಎಂದುಕೊಂಡನೋ ಏನೋ, ಮುಖ್ಯಸ್ಥನ ಪಿಸುಮಾತು ಇಡೀ ಕೋಣೆಗೆ ಕೇಳುವಂತಿತ್ತು. ಆಸ್ಪತ್ರೆ ಯಂತ್ರಗಳ ಕಂಪ್ಯೂಟರ್ ಕೋಡು ಪರಿಶೀಲಿಸಿ ಒಪ್ಪಿಗೆ ಕೊಡುವ ಜಾಗದಿಂದ ಸತ್ತವನ ಹೆಸರನ್ನು ಬೆಳಿಗ್ಗೆಯೇ ತೆಗೆದು ಅವಳನ್ನು ಹಾಕಿದ್ದಾನಂತೆ. ಅವಳು ಒಪ್ಪಿಗೆ ಒತ್ತಿದರೆ ಸಂಜೆಗೆ ಹೊಸ ಕೋಡು ಆಸ್ಪತ್ರೆಗಳಿಗೆ ಹೊರಡುತ್ತದಂತೆ.

“ಅವರೇ ಹೋದ್ಮೇಲೆ ಅವರ ತಕರಾರು ಯಾಕೆ ಇಟ್ಕೋಬೇಕಮ್ಮ?” ಎಂದ.

* * *

ಹೋದ ವಾರ ಊಟಕ್ಕೆ ಕುಳಿತಾಗ, ಆಫೀಸಿನಲ್ಲಿ ಇಷ್ಟೊಂದು ಜಗಳ ಯಾಕೆಂದು ಮುದುಕ ಮಗನನ್ನು ಕೇಳಿದ್ದ. ಮಗ ಊಟ ಬಿಟ್ಟು ವಿವರಿಸಿದ್ದ. ರೋಗಿಯ ನರಕ್ಕೆ ಹನಿಹನಿಯಾಗಿ ಔಷಧಿ ಬಿಡುವ ಯಂತ್ರ. ಅದರ ತೀರ ಅಡಿಯಲ್ಲಿ ಒಂದು ಲೈಬ್ರರಿ, ಅಂದರೆ ಮೇಲಿನ ಪ್ರೋಗ್ರಾಮುಗಳೆಲ್ಲ ನಂಬಿ ನಿಂತಿರುವ ಕೋಡಿನ ಕಟ್ಟು. ಡಾಕ್ಟರು ಹೇಳಿದ ಪ್ರಮಾಣವನ್ನು ಯಂತ್ರದ ಮೆಮೊರಿಯಲ್ಲಿ ಬರೆದಿಡುವುದು ಅದರ ಕೆಲಸ. ಬರೆಯಲಾಗದಿದ್ದರೆ ಹಳೆಯ ಕೋಡು ‘ಆಗಲಿಲ್ಲ’ ಎಂದು ಮೇಲಕ್ಕೆ ಹೇಳುತ್ತಿತ್ತು. ಯಂತ್ರ ನಿಂತು ಕೂಗುತ್ತಿತ್ತು. ನರ್ಸ್ ಓಡಿ ಬರುತ್ತಿದ್ದಳು. ಕೋಡನ್ನು ಚೊಕ್ಕ ಮಾಡುತ್ತೇವೆಂದು ಹೊರಟವರು ಆ ಮಾತನ್ನೇ ಕಿತ್ತುಹಾಕಿದ್ದರು. ಈಗ ಬರೆದರೂ ಬರೆಯದಿದ್ದರೂ ಒಂದೇ ಉತ್ತರ: ಆಯಿತು. ಪರೀಕ್ಷೆಗಳೆಲ್ಲ ಹಸಿರು, ಅಂದರೆ ಪಾಸು. ಹಿಂದಿನ ರೋಗಿಯ ಪ್ರಮಾಣವೇ ಮುಂದಿನವನ ನರಕ್ಕೆ ಹೋದರೂ ಯಾರಿಗೂ ತಿಳಿಯದು.

“ಯಂತ್ರ ಅಂದ್ಮೇಲೆ ತಪ್ಪಾಗಲ್ವೇನೋ?”

“ಆಗುತ್ತಪ್ಪ. ಆದದ್ದನ್ನ ಹೇಳ್ಬೇಕು. ವಾಂತಿ ಮೇಲೆ ಕಂಬಳಿ ಹೊದಿಸಿ ನೆಲ ಒರೆಸಿದೆ ಅಂದ ಹಾಗಿದೆ ಇದು.”

ಊಟದ ಹೊತ್ತಿನಲ್ಲಿ ಇದೆಂಥ ಮಾತು ಎಂದು ಸೊಸೆ ಗದರಿದಳು.

“ತಪ್ಪಾಯ್ತು ಮಹರಾಯ್ತಿ,” ಎಂದು ಮಗ ಕೈಮುಗಿದ. “ನೋಡಪ್ಪ, ಆ ಕೋಡೂ ಹೀಗೇ ಹೇಳ್ಬೇಕು, ಅಷ್ಟೇ.”

ಮೂವರೂ ನಕ್ಕಿದ್ದರು.

* * *

ಸ್ಮಶಾನಕ್ಕೆ ಹೊರಡುವ ಮುಂಚೆ ಹುಡುಗಿ ಮುದುಕನ ಪಕ್ಕ ಬಂದು ಕುಳಿತಳು.

“ಅಪ್ಪ, ಒಪ್ಪಿಗೆ ಒತ್ತದಿದ್ರೆ ನನ್ನನ್ನೂ ತೆಗೀತಾರೆ.”

ಅವಳ ಸಂಬಳದಲ್ಲೇ ಅವಳ ಮನೆ ನಡೆಯುತ್ತದೆಂಬುದು ಮುದುಕನಿಗೆ ಗೊತ್ತಿತ್ತು. ಒತ್ತಬೇಡ ಎನ್ನಲು ನಾಲಿಗೆ ಏಳಲಿಲ್ಲ. ಒತ್ತು ಎಂದರೆ ಮಗನನ್ನು ಎರಡೆರಡು ಸಲ ಹೂತಂತೆ. ದೇವರೇ, ಈ ಮಗುವಿಗೆ ನೀನೇ ದಿಕ್ಕು ಎಂದುಕೊಂಡ.

“ನೀನೂ ಆ ಕೋಡನ್ನ ಓದಿದ್ಯೇನಮ್ಮ?”

“ಓದ್ದೆ.”

“ಅವನು ಹೇಳಿದ್ದು ನಿಜವಾ?”

“ನಿಜ.”

“ಹಾಗಾದ್ರೆ ನನ್ನನ್ನ ಕೇಳ್ಬೇಡ ತಾಯಿ. ನಾನು ಅವನ ಅಪ್ಪ. ನ್ಯಾಯ ಹೇಳೋಕೆ ನನಗಿವತ್ತು ಬರಲ್ಲ.”

ಸಮಾಧಿಯ ಬಳಿ ಮುಖ್ಯಸ್ಥ ಭಾಷಣ ಮಾಡಿದ. ಹೋದವರು ಕೈಗೆತ್ತಿಕೊಂಡಿದ್ದ ಕೆಲಸವನ್ನು ಇಂದೇ ಮುಗಿಸಿ ಅವರ ನೆನಪಿಗೆ ಅರ್ಪಿಸುತ್ತೇವೆ ಎಂದ. ಮುದುಕನ ಬಾಯಲ್ಲಿ ಕಹಿ ನೀರು ಒಸರಿತು. ಮಗ ಮಲಗಿರುವ ಮಣ್ಣೆಂದು ಉಗುಳದೆ ನುಂಗಿಕೊಂಡ.

ಪ್ರಾರ್ಥನೆಗೆ ಎಲ್ಲರೂ ತಲೆ ಬಾಗಿಸಿದರು. ಪ್ರಾರ್ಥನೆಯ ನಡುವೆ ಎಂದೂ ಕಣ್ಣು ತೆರೆಯದ ಮುದುಕ ಇಂದು ತೆರೆದ. ಪಕ್ಕದಲ್ಲಿ ಹುಡುಗಿ ಫೋನು ಹಿಡಿದಿದ್ದಳು. ಅದರಲ್ಲಿ ಒಪ್ಪಿಗೆಗೆ ಒಂದು ಹಸಿರು ಗುಂಡಿ, ನಿರಾಕರಣೆಗೆ ಒಂದು ಕೆಂಪು. ಅವಳ ಹೆಬ್ಬೆರಳು ಕೆಂಪನ್ನು ಒತ್ತಿತು.

ಸಮಾಧಿಯ ಆಚೆ ಬದಿಯಲ್ಲಿ ಮುಖ್ಯಸ್ಥನ ಜೇಬು ಗುಂಯ್ ಎಂದಿತು. ಅವನು ಎಡಗೈಯಿಂದ ಫೋನು ಎಳೆದು ಓದಿದ. ಬಲಗೈಯಲ್ಲಿ ಹಾಕಬೇಕಾಗಿದ್ದ ಹಿಡಿ ಮಣ್ಣು ಹಾಗೆಯೇ ಇತ್ತು. ಮುಷ್ಟಿ ಬಿಗಿಯಾಯಿತು, ಬೆರಳ ಸಂದಿಯಿಂದ ಮಣ್ಣು ಸುರಿದು, ಅವನ ಹೊಳೆಯುವ ಬೂಟಿನ ಮೇಲೆ ಗುಡ್ಡೆಯಾಗತೊಡಗಿತು.